ಅಪ್ಪನ ಸಾಲದ ಪತ್ರ ಓದಿದ್ದೀರಾ?

ನಮ್ಮ ಬೀದಿಯಲ್ಲಿ ಹತ್ತೊಂಬತ್ತು ಮನೆಗಳಿವೆ. ಅವುಗಳಲ್ಲಿ ಹನ್ನೊಂದು ಮನೆಗಳ ಮೂಲ ಕ್ರಯಪತ್ರ ಮಾಲೀಕರ ಬೀರುವಿನಲ್ಲಿಲ್ಲ, ಬ್ಯಾಂಕಿನ ಕಪಾಟಿನಲ್ಲಿದೆ. ಗೇಟಿನ ಮೇಲೆ ‘ಮಾತೃ ಕೃಪಾ’ ಅಂತಲೋ ‘ಅಪ್ಪನ ಆಶೀರ್ವಾದ’ ಅಂತಲೋ ಬರೆಸಿದ್ದಾರೆ. ನಿಜ ಬರೆಸುವುದಾದರೆ ‘ಬ್ಯಾಂಕ್ ಕೃಪಾ’ ಅಂತ ಬರೆಸಬೇಕಿತ್ತು. ಇದನ್ನು ನಾನು ತಮಾಷೆಗೆ ಹೇಳಿದಾಗ ಅಮ್ಮ, ‘ಬಾಯಿ ಮುಚ್ಕೊಂಡು ಹೋಗಿ ಓದ್ಕೋ’ ಅಂದರು.

ನಾನು ತುಮಕೂರಿನಲ್ಲಿ ಮೆಕ್ಯಾನಿಕಲ್ ಬಿಇ ಐದನೇ ಸೆಮಿಸ್ಟರ್ ವಿದ್ಯಾರ್ಥಿ. ಒಂದೂವರೆ ವರ್ಷದಿಂದ ಭಾನುವಾರ ಬೆಳಿಗ್ಗೆ ನನಗೊಂದು ಉಪಕಸುಬು ಇದೆ. ದುಡ್ಡು ಸಿಗುವುದಿಲ್ಲ, ಕಾಫಿ ಸಿಗುತ್ತದೆ. ಅಕ್ಕಪಕ್ಕದ ಮನೆಗಳವರು ತಮ್ಮ ಗೃಹಸಾಲದ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬರುತ್ತಾರೆ. ನಾನು ಓದಿ ಕನ್ನಡದಲ್ಲಿ ಹೇಳುತ್ತೇನೆ. ನಾನು ಲಾಯರೂ ಅಲ್ಲ, ಆಡಿಟರೂ ಅಲ್ಲ. ಇಂಗ್ಲಿಷ್ ಓದಲು ಬರುತ್ತದೆ, ಕ್ಯಾಲ್ಕುಲೇಟರ್ ಒತ್ತಲು ಬರುತ್ತದೆ, ಅಷ್ಟೆ. ಎಷ್ಟೋ ಮನೆಗಳಿಗೆ ಅಷ್ಟೂ ಸಿಕ್ಕಿಲ್ಲ ಎನ್ನುವುದೇ ಈ ಲೇಖನಕ್ಕೆ ಕಾರಣ.

ಕಂತು ಅಷ್ಟೇ, ವರ್ಷ ಮಾತ್ರ ಬೇರೆ

ಶುರುವಾಗಿದ್ದು ನಮ್ಮ ಮನೆಯಿಂದಲೇ. ಅಪ್ಪನದು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲೇಥ್ ಕೆಲಸ. 2021ರಲ್ಲಿ 15 ಲಕ್ಷ ಸಾಲ ಮಾಡಿ ಮನೆ ಕಟ್ಟಿಸಿದರು. ಇಪ್ಪತ್ತು ವರ್ಷದ ಸಾಲ, ಅಂದರೆ 2041ಕ್ಕೆ ಮುಗಿಯಬೇಕು. ಟಿವಿಯಲ್ಲಿ ‘ರೆಪೊ ದರ ಏರಿಕೆ, ಸಾಲಗಾರರಿಗೆ ಬರೆ’ ಅಂತ ಬಂದಾಗಲೆಲ್ಲ ಅಪ್ಪ ನಿರಾಳವಾಗಿರುತ್ತಿದ್ದರು. ‘ನಮ್ದೇನೂ ಏರಿಲ್ಲ, ತಿಂಗಳಿಗೆ ಕಟ್ಟೋದು ಅಷ್ಟೇ ಇದೆ’ ಅನ್ನುತ್ತಿದ್ದರು.

ನಾನು ಎರಡನೇ ಸೆಮಿಸ್ಟರ್‌ನಲ್ಲಿದ್ದಾಗ ಸ್ಕಾಲರ್‌ಶಿಪ್ ಅರ್ಜಿಗೆಂದು ಅಪ್ಪನ ಸಾಲದ ಸ್ಟೇಟ್‌ಮೆಂಟ್ ತೆಗೆಸಬೇಕಾಯಿತು. ಕಂತು ನಿಜಕ್ಕೂ ಅಷ್ಟೇ ಇತ್ತು. ಆದರೆ ಕೊನೆಯ ಕಂತಿನ ವರ್ಷ 2056 ಎಂದಿತ್ತು. ಆಗ ಅಪ್ಪನಿಗೆ 49 ವಯಸ್ಸು. 81ನೇ ವಯಸ್ಸಿನವರೆಗೂ ಅವರು ಲೇಥ್ ತಿರುಗಿಸುತ್ತಲೇ ಇರಬೇಕೆಂದು ಒಂದು ಕಂಪ್ಯೂಟರ್ ತೀರ್ಮಾನಿಸಿತ್ತು. ಇದನ್ನು ತಿಳಿಸುವ ಪತ್ರ ಬಂದಿರಲಿಲ್ಲ. ಮೆಸೇಜ್ ಬಂದಿದ್ದರೂ ಅದು ಲೋನ್ ಬೇಕಾ, ಇನ್ಶೂರೆನ್ಸ್ ಬೇಕಾ ಎಂಬ ನೂರು ಮೆಸೇಜುಗಳ ನಡುವೆ ಕಳೆದುಹೋಗಿರಬೇಕು.

ಹೀಗೆ ಯಾಕಾಗುತ್ತದೆ? ಲೆಕ್ಕ ಸುಲಭವಿದೆ. ಬಡ್ಡಿ ಯಾವಾಗಲೂ ಉಳಿದಿರುವ ಅಸಲಿನ ಮೇಲೆ ಬೀಳುತ್ತದೆ. ನಾವು ಕಟ್ಟುವ ಕಂತಿನಲ್ಲಿ ಮೊದಲು ಆ ತಿಂಗಳ ಬಡ್ಡಿ ಹೋಗುತ್ತದೆ, ಮಿಕ್ಕಿದ್ದು ಮಾತ್ರ ಅಸಲಿಗೆ. 25 ಲಕ್ಷ ಸಾಲ, ಶೇ 7 ಬಡ್ಡಿ, 20 ವರ್ಷ ಅಂದುಕೊಳ್ಳಿ. ಕಂತು ಸುಮಾರು 19,382 ರೂಪಾಯಿ. ಮೊದಲ ತಿಂಗಳು ಅದರಲ್ಲಿ 14,583 ರೂಪಾಯಿ ಬಡ್ಡಿಗೇ ಹೋಯಿತು. ಅಸಲಿಗೆ ಸಿಕ್ಕಿದ್ದು 4,799 ರೂಪಾಯಿ. ಎರಡು ವರ್ಷ ತಪ್ಪದೇ ಕಟ್ಟಿದರೆ ನಿಮ್ಮ ಕೈಯಿಂದ 4 ಲಕ್ಷದ 65 ಸಾವಿರ ಹೋಗಿರುತ್ತದೆ. ಸಾಲ ಇಳಿದಿರುವುದು ಮಾತ್ರ 1 ಲಕ್ಷದ 23 ಸಾವಿರ.

ಈಗ ಬಡ್ಡಿ ಶೇ 9.5 ಆಯಿತು ಅನ್ನಿ. ಇದು ಕಲ್ಪನೆಯ ಏರಿಕೆಯಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿತ್ತು. ಆಗ ಉಳಿದ ಸಾಲದ ಮೇಲಿನ ತಿಂಗಳ ಬಡ್ಡಿಯೇ 18,816 ರೂಪಾಯಿ ಆಗುತ್ತದೆ. ಕಂತು ಹಳೆಯದೇ ಇದ್ದರೆ ಅಸಲಿಗೆ ಹೋಗುವುದು 566 ರೂಪಾಯಿ! ಈ ವೇಗದಲ್ಲಿ ಸಾಲ ತೀರಲು ಇನ್ನೂ 448 ತಿಂಗಳು, ಅಂದರೆ 37 ವರ್ಷ ಬೇಕು. ಉಳಿದಿದ್ದದ್ದು 18 ವರ್ಷ ಮಾತ್ರ. ಅದೇ ಕಂತನ್ನು 23,005 ರೂಪಾಯಿಗೆ ಏರಿಸಿದರೆ ಸಾಲ ಮೊದಲಿನ ದಿನಾಂಕಕ್ಕೇ ಮುಗಿಯುತ್ತದೆ. ತಿಂಗಳಿಗೆ ಮೂರೂವರೆ ಸಾವಿರದ ಆಸುಪಾಸು ಹೆಚ್ಚು ಕೊಟ್ಟರೆ ಹತ್ತೊಂಬತ್ತು ವರ್ಷ ಉಳಿಯುತ್ತದೆ. ಇದಕ್ಕೆ ದೊಡ್ಡ ಗಣಿತ ಬೇಕಿಲ್ಲ, ಪಿಯುಸಿಯಲ್ಲಿ ಓದಿದ ಗುಣೋತ್ತರ ಶ್ರೇಢಿ ಸಾಕು. ಶ್ರೇಢಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಅವತ್ತು ಲೆಕ್ಚರರ್ ಹೇಳಿರಲಿಲ್ಲ.

2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿದೆ. ಬಡ್ಡಿ ಬದಲಾದಾಗ ಕಂತು ಅಥವಾ ಅವಧಿ ಎಷ್ಟು ಬದಲಾಗುತ್ತದೆ ಎಂದು ಬ್ಯಾಂಕ್ ಗ್ರಾಹಕನಿಗೆ ಹೇಳಬೇಕು. ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಎಂದು ಆರಿಸಿಕೊಳ್ಳುವ ಅವಕಾಶ ಕೊಡಬೇಕು. ಮೂರು ತಿಂಗಳಿಗೊಮ್ಮೆ ಅಸಲೆಷ್ಟು, ಬಡ್ಡಿಯೆಷ್ಟು, ಉಳಿದ ಕಂತುಗಳೆಷ್ಟು ಎಂಬ ಸ್ಟೇಟ್‌ಮೆಂಟ್ ಕೊಡಬೇಕು. ಈ ಸುತ್ತೋಲೆಯ ಪ್ರಿಂಟ್ ಹಿಡಿದು ಅಪ್ಪನ ಜೊತೆ ಬ್ಯಾಂಕಿಗೆ ಹೋದೆ. ಅಲ್ಲಿನ ಅಧಿಕಾರಿ ಜಗಳವಾಡಲಿಲ್ಲ. ‘ಕೇಳಿದವರಿಗೆ ಮಾಡಿಕೊಡ್ತೀವಿ, ಯಾರೂ ಕೇಳಲ್ಲ’ ಅಂದರು. ತಿಂಗಳಿಗೆ 2,300 ರೂಪಾಯಿ ಹೆಚ್ಚು ಕಟ್ಟಲು ಅಪ್ಪ ಒಪ್ಪಿದರು. ಕೊನೆಯ ಕಂತು ಮತ್ತೆ 2041ಕ್ಕೆ ಬಂತು. ಅಮ್ಮನ ಬಾಯಿಂದ ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತು. ಭಾನುವಾರದ ಕಾಫಿ ಶುರುವಾದದ್ದು ಹಾಗೆ.

ಒಂದೇ ಪದ, ಎರಡು ಅರ್ಥ

ಬಂದವರಲ್ಲಿ ಹೆಚ್ಚಿನವರ ಗೊಂದಲ ಪದಗಳದ್ದೇ. ‘ಫೋರ್‌ಕ್ಲೋಶರ್’ ಎಂಬ ಪದವನ್ನೇ ನೋಡಿ. ಅಮೆರಿಕದಲ್ಲಿ ಅದರ ಅರ್ಥ ಸಾಲ ಕಟ್ಟದವರ ಮನೆಯನ್ನು ಬ್ಯಾಂಕ್ ಕಿತ್ತುಕೊಳ್ಳುವುದು. 2008ರ ಆರ್ಥಿಕ ಕುಸಿತದ ಸಮಯದಲ್ಲಿ ಅಲ್ಲಿ ಲಕ್ಷಾಂತರ ಕುಟುಂಬಗಳ ನಿದ್ದೆಗೆಡಿಸಿದ ಪದ ಅದು. ನಮ್ಮ ಬ್ಯಾಂಕ್ ಆ್ಯಪ್‌ಗಳಲ್ಲಿ ಅದೇ ಪದಕ್ಕೆ ಅರ್ಥ ಪೂರ್ತಿ ಉಲ್ಟಾ: ಸಾಲವನ್ನು ಅವಧಿಗೆ ಮೊದಲೇ ಪೂರ್ತಿ ತೀರಿಸಿಬಿಡುವುದು. ಯೂಟ್ಯೂಬ್‌ನಲ್ಲಿ ಅಮೆರಿಕದ ಕಥೆ ನೋಡಿದ್ದ ನಮ್ಮ ಬೀದಿಯ ಒಬ್ಬರು, ಆ್ಯಪ್‌ನಲ್ಲಿ ‘ಫೋರ್‌ಕ್ಲೋಶರ್ ಮೊತ್ತ’ ಎಂದು ಕಂಡು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಹೀಗೆ ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ವೈಯಕ್ತಿಕ ಸಾಲಗಾರರಿಗೆ ದಂಡ ಹಾಕುವಂತಿಲ್ಲ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಬೋನಸ್ ಬಂದರೆ ಒಂದಿಷ್ಟು ಅಸಲಿಗೆ ಕಟ್ಟಲು ಹಿಂಜರಿಯುತ್ತಿದ್ದರು.

ನಮ್ಮಲ್ಲಿ ಮನೆ ಕೈಬಿಟ್ಟು ಹೋಗುವ ದಾರಿಯ ಹೆಸರು ಬೇರೆ. ಅದು ಸರ್ಫೇಸಿ ಕಾಯ್ದೆ, 2002. ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ವಶಪಡಿಸಿಕೊಂಡು ಹರಾಜು ಹಾಕುವ ಅಧಿಕಾರವನ್ನು ಇದು ಬ್ಯಾಂಕುಗಳಿಗೆ ಕೊಟ್ಟಿದೆ. ಈ ಪತ್ರಿಕೆಯ ಒಳಪುಟಗಳಲ್ಲೇ ನೀವು ಅದನ್ನು ನೋಡಿರುತ್ತೀರಿ. ಚಿಕ್ಕ ಅಕ್ಷರದಲ್ಲಿ, ಚೌಕಟ್ಟಿನೊಳಗೆ, ‘ಸ್ವಾಧೀನ ಸೂಚನೆ’ ಎಂಬ ಜಾಹೀರಾತುಗಳು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸ್ವತ್ತು ಎಂದು ಚೆಕ್ಕುಬಂದಿ ಸಮೇತ. ಎರಡು ಪತ್ರಿಕೆಗಳಲ್ಲಿ, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದರಲ್ಲಿ ಪ್ರಕಟಿಸಬೇಕು ಎಂಬುದು ನಿಯಮ. ನಾವು ಕ್ರಿಕೆಟ್ ಪುಟಕ್ಕೆ ಹೋಗುವ ದಾರಿಯಲ್ಲಿ ಅದನ್ನು ಮಗುಚಿಬಿಡುತ್ತೇವೆ. ಆದರೆ ಅಲ್ಲಿರುವ ಒಂದೊಂದು ಚೌಕವೂ ಒಂದೊಂದು ಮನೆ.

ತೊಂಬತ್ತು ದಿನ, ಅರವತ್ತು ದಿನ

ನಮ್ಮ ಹಿಂದಿನ ಬೀದಿಯ ಆಂಟಿಯೊಬ್ಬರ ವಿಷಯ ಹೇಳುತ್ತೇನೆ. ಯಜಮಾನರಿಗೆ ಗೂಡ್ಸ್ ಗಾಡಿ ಇತ್ತು. ಅಪಘಾತದಲ್ಲಿ ಕಾಲು ಮುರಿದು ತಿಂಗಳುಗಟ್ಟಲೆ ಮನೆಯಲ್ಲೇ ಉಳಿದರು. ಕಂತು ನಿಂತಿತು. ಆಂಟಿ ಕೈಗೆ ಸಿಕ್ಕಾಗ ಎರಡು ಸಾವಿರ, ಮೂರು ಸಾವಿರ ಖಾತೆಗೆ ಹಾಕುತ್ತಿದ್ದರು. ‘ಸ್ವಲ್ಪಸ್ವಲ್ಪ ಕಟ್ತಾ ಇದ್ದೀವಲ್ಲ, ಏನೂ ಆಗಲ್ಲ’ ಎಂಬ ಧೈರ್ಯ. ಬ್ಯಾಂಕಿನ ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲ. ಬಾಕಿ 90 ದಿನ ದಾಟಿದರೆ ಆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಒಮ್ಮೆ ಎನ್‌ಪಿಎ ಆದ ಖಾತೆ, ಬಾಕಿ ಪೂರ್ತಿ ತೀರಿದರೆ ಮಾತ್ರ ಮತ್ತೆ ಸರಿಯಾದ ಖಾತೆ ಆಗುತ್ತದೆ. ಅರ್ಧ ಕಟ್ಟಿದರೆ ಆಗುವುದಿಲ್ಲ.

ಒಂದು ದಿನ ರಿಜಿಸ್ಟರ್ಡ್ ಪೋಸ್ಟ್ ಬಂತು. ‘ತಗೋಬೇಡ, ತಗೊಂಡ್ರೆ ಒಪ್ಕೊಂಡ ಹಾಗೆ’ ಅಂತ ಯಾರೋ ಹೇಳಿದ್ದರಂತೆ. ಇದು ನಾನು ನಾಲ್ಕು ಮನೆಗಳಲ್ಲಿ ಕೇಳಿದ ಸಲಹೆ, ಮತ್ತು ಅತ್ಯಂತ ಅಪಾಯದ ಸಲಹೆ. ನೋಟಿಸ್ ತೆಗೆದುಕೊಳ್ಳದಿದ್ದರೆ ಅದನ್ನು ಬಾಗಿಲಿಗೆ ಅಂಟಿಸಬಹುದು, ಪತ್ರಿಕೆಯಲ್ಲಿ ಪ್ರಕಟಿಸಬಹುದು. ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಪುಣ್ಯಕ್ಕೆ ಆಂಟಿಯ ಮಗಳು ಸಹಿ ಹಾಕಿ ತೆಗೆದುಕೊಂಡಿದ್ದಳು. ಹತ್ತು ದಿನ ದೇವರ ಮನೆಯಲ್ಲಿ ಒಡೆಯದೇ ಇಟ್ಟು, ಹನ್ನೊಂದನೇ ದಿನ ನನ್ನ ಹತ್ತಿರ ತಂದಳು.

ಅದು ಸೆಕ್ಷನ್ 13(2)ರ ನೋಟಿಸ್. ನಾಲ್ಕು ಪುಟ ಇಂಗ್ಲಿಷ್. 60 ದಿನಗಳೊಳಗೆ ಪೂರ್ತಿ ಸಾಲ, ಅಂದರೆ 18 ಲಕ್ಷಕ್ಕೂ ಮೇಲೆ, ಕಟ್ಟಿ ಎಂದಿತ್ತು. ಆಂಟಿ ಆ ಸಂಖ್ಯೆ ನೋಡಿ ಅಲ್ಲೇ ಕುಳಿತುಬಿಟ್ಟರು. ‘ನಾಳೆ ಬಂದು ಸಾಮಾನು ಆಚೆ ಹಾಕ್ತಾರಾ?’ ಎಂದು ಕೇಳಿದರು.

ಇಲ್ಲ, ನಾಳೆ ಬರುವುದಿಲ್ಲ. ಇದನ್ನು ನಾನು ಅವತ್ತು ಹೇಳಿದ್ದು ಧೈರ್ಯ ತುಂಬಲು ಅಲ್ಲ, ಕಾಯ್ದೆಯಲ್ಲೇ ಮೆಟ್ಟಿಲುಗಳಿವೆ. ಮೊದಲು ಈ 60 ದಿನ. ಈ ಅವಧಿಯಲ್ಲಿ ನಾವು ಲಿಖಿತವಾಗಿ ಆಕ್ಷೇಪಣೆ ಕೊಟ್ಟರೆ ಬ್ಯಾಂಕ್ 15 ದಿನಗಳೊಳಗೆ ಕಾರಣ ಸಹಿತ ಉತ್ತರಿಸಬೇಕು. ಅದಾದ ಮೇಲೆ ಸೆಕ್ಷನ್ 13(4)ರ ಕ್ರಮ, ಅಂದರೆ ಸ್ವಾಧೀನ. ಅದು ಸಾಮಾನ್ಯವಾಗಿ ಮೊದಲು ಕಾಗದದ ಮೇಲಿನ ಸಾಂಕೇತಿಕ ಸ್ವಾಧೀನ. ಜನರನ್ನು ಹೊರಗೆ ಕಳಿಸಿ ಬೀಗ ಹಾಕಲು ಜಿಲ್ಲಾ ಮ್ಯಾಜಿಸ್ಟ್ರೇಟರ ನೆರವು ಕೇಳಬಹುದು. ಸ್ವಾಧೀನದ ಕ್ರಮ ತಪ್ಪು ಅನಿಸಿದರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ನಮಗೆ ಅದು ಬೆಂಗಳೂರಿನಲ್ಲಿದೆ. ಮಾರಾಟಕ್ಕೆ ಮುಂಚೆ ಸಾಲಗಾರನಿಗೆ 30 ದಿನಗಳ ನೋಟಿಸ್ ಕೊಡಬೇಕು. ಹರಾಜಿನ ಪ್ರಕಟಣೆ ಹೊರಡುವ ಮುನ್ನ ಪೂರ್ತಿ ಬಾಕಿಯನ್ನು ಖರ್ಚು ಸಮೇತ ಕಟ್ಟಿದರೆ ಮನೆ ವಾಪಸ್. ಆ ಪ್ರಕಟಣೆ ಹೊರಟ ಮೇಲೆ ಆ ಹಕ್ಕು ಕೈತಪ್ಪುತ್ತದೆ. ಹಾಗಾಗಿ ಮೆಟ್ಟಿಲು ಇದೆ ಎಂದು ಆರಾಮಾಗಿ ಕೂರುವಂತೆಯೂ ಇಲ್ಲ. ಪ್ರತಿ ಮೆಟ್ಟಿಲಿನಲ್ಲೂ ಖರ್ಚು ಏರುತ್ತದೆ, ಆಯ್ಕೆ ಕುಗ್ಗುತ್ತದೆ.

ಸೋಮವಾರವೇ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಮೊದಲ ಮಾತಿಗೇ, ‘ಮೂರು ತಿಂಗಳಿಂದ ಫೋನ್ ಮಾಡ್ತಾ ಇದ್ದೀವಿ, ಯಾರೂ ಎತ್ತಲ್ಲ’ ಅಂದರು. ನಿಜವೇ, ನಾಚಿಕೆಯಿಂದ ಆಂಟಿ ಆ ನಂಬರನ್ನೇ ಬ್ಲಾಕ್ ಮಾಡಿದ್ದರು. ಆಸ್ಪತ್ರೆಯ ಬಿಲ್, ಡಿಸ್ಚಾರ್ಜ್ ಪತ್ರ, ಯಜಮಾನರು ಮುಂದಿನ ತಿಂಗಳು ಗಾಡಿ ಓಡಿಸಬಹುದು ಎಂಬ ಡಾಕ್ಟರ ಚೀಟಿ ಲಗತ್ತಿಸಿ ಕನ್ನಡದಲ್ಲೇ ಒಂದು ಅರ್ಜಿ ಬರೆದೆವು. ಬಾಕಿ ಕಂತುಗಳನ್ನು ಪೂರ್ತಿ ಕಟ್ಟಿದರೆ ಖಾತೆಯನ್ನು ಸರಿಪಡಿಸಿ ಮುಂದುವರಿಸಲು ಬ್ಯಾಂಕ್ ಒಪ್ಪಿತು. ಐದು ಕಂತು, ಸುಮಾರು 80 ಸಾವಿರ. ಒಂದು ಜೊತೆ ಬಳೆ ಹೋಯಿತು, ತವರಿನಿಂದ ಒಂದಿಷ್ಟು ಬಂತು. 41ನೇ ದಿನ ಪೂರ್ತಿ ಕಟ್ಟಿದರು. 18 ಲಕ್ಷ ಎಂದು ಹೆದರಿ ಕೈಚೆಲ್ಲಿದ್ದರೆ 80 ಸಾವಿರಕ್ಕೆ ಮನೆ ಹೋಗುತ್ತಿತ್ತು.

ಉಳಿಯದ ಮನೆಯೂ ಇದೆ

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ಎರಡು ಬೀದಿ ಆಚೆ ಒಂದು ಕುಟುಂಬ ಬಾಡಿಗೆಯ ಆಸೆಗೆ ಮೂರು ಅಂತಸ್ತು ಕಟ್ಟಿಸಿತ್ತು. ಹೋಟೆಲ್ ವ್ಯಾಪಾರ ಕೈಕೊಟ್ಟಿತು, ಮೇಲಿನ ಮನೆಗಳು ಖಾಲಿ ಬಿದ್ದವು. ಅವರು ನನ್ನ ಹತ್ತಿರ ಬಂದಾಗ ಹನ್ನೊಂದು ಕಂತು ಬಾಕಿ. ಎಷ್ಟು ಕೂಡಿಸಿ ಕಳೆದರೂ ಅವರ ಆದಾಯಕ್ಕೆ ಆ ಸಾಲ ತೂಗುವಂತಿರಲಿಲ್ಲ. ಕ್ಯಾಲ್ಕುಲೇಟರ್‌ಗೆ ಸುಳ್ಳು ಹೇಳಲು ಬರುವುದಿಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋದೆ. ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಮಹಿಳೆಯರಿಗೆ ಕಾನೂನು ನೆರವು ಉಚಿತ. ಅಲ್ಲಿನ ವಕೀಲೆ ನೇರವಾಗಿ ಹೇಳಿದರು: ‘ಬ್ಯಾಂಕ್ ಮಾರುವ ಮುಂಚೆ ನೀವೇ ಮಾರಿ.’ ಹರಾಜಿನ ಮನೆ ಎಂದರೆ ಕೊಳ್ಳುವವರು ಬೆಲೆ ಇಳಿಸಿಯೇ ಕೇಳುತ್ತಾರೆ. ಹರಾಜಿನಲ್ಲಿ ಸಾಲಕ್ಕಿಂತ ಹೆಚ್ಚು ಬಂದರೆ ಮಿಕ್ಕಿದ್ದು ಮಾಲೀಕನಿಗೇ ಸೇರಬೇಕು, ನಿಜ. ಕಡಿಮೆ ಬಂದರೆ ಉಳಿದ ಬಾಕಿಯೂ ಮಾಲೀಕನ ತಲೆಯ ಮೇಲೇ. ಬ್ಯಾಂಕಿಗೆ ತಿಳಿಸಿ, ಕೊಳ್ಳುವವರಿಂದ ನೇರವಾಗಿ ಸಾಲದ ಖಾತೆಗೆ ಹಣ ಕಟ್ಟಿಸಿ, ಅವರು ಮನೆ ಮಾರಿದರು. ಕೈಯಲ್ಲಿ ಉಳಿದದ್ದು ಒಂದು ಭೋಗ್ಯದ ಮನೆಗೆ ಮತ್ತು ಮಗಳ ಕಾಲೇಜಿಗೆ ಸಾಕಾಯಿತು. ಗೃಹಪ್ರವೇಶಕ್ಕೆ ಕಟ್ಟಿದ್ದ ತೋರಣದ ಮೊಳೆಗಳು ಇನ್ನೂ ಬಾಗಿಲ ಮೇಲಿದ್ದವು. ಮನೆಯ ಯಜಮಾನರು ಸಾಮಾನು ಸಾಗಿಸುವಾಗ ಯಾರ ಮುಖವನ್ನೂ ನೋಡಲಿಲ್ಲ. ಅದನ್ನು ಗೆಲುವು ಎನ್ನಲಾರೆ. ಆದರೆ ಇನ್ನೂ ಆರು ತಿಂಗಳು ತಡವಾಗಿದ್ದರೆ ಆ ಭೋಗ್ಯದ ಹಣವೂ ಇರುತ್ತಿರಲಿಲ್ಲ.

ಸಾಲ ಮಾಡಿದವರು ಗೌರವ ಕಳೆದುಕೊಂಡವರಲ್ಲ ಎಂಬುದನ್ನೂ ಹೇಳಬೇಕು. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರ ಮುಂದೆ ಮಾನ ಕಳೆಯುವಂತಿಲ್ಲ. ಇವು ರಿಸರ್ವ್ ಬ್ಯಾಂಕಿನದೇ ನಿಯಮಗಳು. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಸಾಲ ಪೂರ್ತಿ ತೀರಿದ ಮೇಲೆ 30 ದಿನಗಳೊಳಗೆ ಮೂಲಪತ್ರ ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣಕ್ಕೆ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದನ್ನು ಕೇಳಿದಾಗ ನಮ್ಮ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರು, ‘ಹಾಗಾದ್ರೆ ತಡವಾಗ್ಲಿ ಬಿಡಪ್ಪ’ ಅಂತ ನಕ್ಕಿದ್ದರು.

ಇದು ನಮ್ಮ ಕೆಲಸ

ನಮ್ಮ ಅಪ್ಪ ಅಮ್ಮಂದಿರು ತರಕಾರಿ ಕೊಳ್ಳುವಾಗ ಎರಡು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುತ್ತಾರೆ. ಅವರೇ ಇಪ್ಪತ್ತು ವರ್ಷದ ಸಾಲಕ್ಕೆ ‘ಎಲ್ಲಿ ಸಾರ್ ಸೈನು?’ ಎಂದು ಕೇಳಿ ನಲವತ್ತು ಪುಟಕ್ಕೆ ಸಹಿ ಹಾಕಿ ಬಂದಿರುತ್ತಾರೆ. ಅವರು ದಡ್ಡರಲ್ಲ, ಆ ಪುಟಗಳು ಅವರ ಭಾಷೆಯಲ್ಲಿರಲಿಲ್ಲ. ನಮ್ಮನ್ನು ಆ ಭಾಷೆಯ ಶಾಲೆಗೆ ಕಳಿಸಿದವರು ಅವರೇ. ಹಾಗಾಗಿ ಓದಿ ಹೇಳುವ ಸರದಿ ನಮ್ಮದು.

ಈ ಭಾನುವಾರ ಮನೆಯಲ್ಲಿ ಸಾಲದ ಸ್ಟೇಟ್‌ಮೆಂಟ್ ಕೇಳಿ. ಐದು ವಿಷಯ ಹುಡುಕಿ. ಈಗಿನ ಬಡ್ಡಿ ಎಷ್ಟು? 2025ರಲ್ಲಿ ರೆಪೊ ದರ ಹಲವು ಬಾರಿ ಇಳಿದಿದೆ, ನಿಮ್ಮ ಮನೆಯ ಸಾಲಕ್ಕೆ ಅದು ಇಳಿದಿದೆಯೇ? ಕೊನೆಯ ಕಂತು ಯಾವ ವರ್ಷ, ಆಗ ಅಪ್ಪನಿಗೆ ಎಷ್ಟು ವಯಸ್ಸು? ಯಾವುದಾದರೂ ಕಂತು ಬಾಕಿ ಇದೆಯೇ? ಸಾಲದ ಜೊತೆ ಯಾವುದಾದರೂ ವಿಮೆ ಮಾಡಿಸಿದ್ದಾರೆಯೇ, ಅದರ ಪಾಲಿಸಿ ಎಲ್ಲಿದೆ? ಬಾಕಿ ಇದ್ದರೆ ಬೈಯಬೇಡಿ. 90 ದಿನ ಆಗುವ ಮುಂಚೆ ಅವರ ಜೊತೆ ಬ್ಯಾಂಕಿಗೆ ಹೋಗಿ, ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳಿ. ನೀವು ಏನೂ ಮಾತಾಡದಿದ್ದರೂ ಪರವಾಗಿಲ್ಲ.

‘ಇದೆಲ್ಲ ನಿನಗ್ಯಾಕೆ?’ ಅಂತ ಕೇಳಿಯೇ ಕೇಳುತ್ತಾರೆ. ಕಾಲೇಜಿನಲ್ಲಿ ಅಸೈನ್‌ಮೆಂಟ್ ಕೊಟ್ಟಿದ್ದಾರೆ ಅಂತ ಹೇಳಿ. ನಮ್ಮಪ್ಪ ಇವತ್ತಿಗೂ ಹಾಗೇ ನಂಬಿದ್ದಾರೆ.